ಅವ್ವ ಕಡಿದ ಎಳೆ

ಅಜ್ಜಿಯ ಬೆನ್ನಿನ ವಿಷಯವನ್ನು ತಾನು ಬದುಕಿರುವವರೆಗೆ ಯಾರ ಮುಂದೆಯೂ ಎತ್ತಬಾರದು ಎಂದು ಅವ್ವ ನನ್ನಿಂದ ಭಾಷೆ ತೆಗೆದುಕೊಂಡಿದ್ದಳು. ಅವ್ವ ಹೋಗಿ ಬಹಳ ವರ್ಷವಾಯಿತು. ಭಾಷೆಯೂ ತೀರಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಿಮ್ಮ ಅಜ್ಜಿ ಒಳ್ಳೆಯವಳಾಗಿದ್ದರೆ ನೀವು ಆಡಬೇಡಿ. ನಮ್ಮಜ್ಜಿ, ಅಪ್ಪನ ಅವ್ವ, ಬದುಕಿದ್ದಷ್ಟು ಕಾಲ ನನ್ನನ್ನೂ ನನ್ನವ್ವನನ್ನೂ ಬಿಟ್ಟಿರಲಿಲ್ಲ, ನಾನೇಕೆ ಬಿಡಬೇಕು? ಈ ವಯಸ್ಸಿನಲ್ಲಿ ನನಗೆ ಕಣ್ಣು ಮಂಜಾಗಿದೆ, ಕಿವಿ ಒಂದು ಪಕ್ಕ ಕೇಳುವುದಿಲ್ಲ, ಆದರೆ ಆ ಸಿಟ್ಟು ಮಾತ್ರ ಬೂದಿಯೊಳಗಿನ ಕೆಂಡದ ಹಾಗೆ ಹಾಗೇ ಇದೆ. ಅದನ್ನು ಕೆದಕಿ ಇಲ್ಲಿಡುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಬೀದಿ ಬಾಗಿಲು ದಾಟಿದರೆ ನಡುಮನೆ, ಅದರ ಅರ್ಧ ಜಾಗ ಮಗ್ಗದ್ದೇ. ನೆಲದಲ್ಲಿ ಗುಂಡಿ ತೋಡಿ, ಅಪ್ಪ ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಸೂರಿನ ಗಾಜಿನಿಂದ ಬೆಳಕು ನೇರವಾಗಿ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆ ಬೀಳುತ್ತಿತ್ತು. ಮಗ್ಗದ ಎದುರಿನ ಮೂಲೆಯಲ್ಲಿ ಅಜ್ಜಿಯ ಚಾಪೆ. ಅಲ್ಲಿ ಕೂತರೆ ಅವಳಿಗೆ ಮಗ್ಗ, ಅಡುಗೆಮನೆ, ಹಿತ್ತಲ ಬಾಗಿಲು, ಬೀದಿ ಎಲ್ಲವೂ ಕಾಣುತ್ತಿತ್ತು. ಯಾರ ಬಾಯಿಗೆ ಎಷ್ಟು ಮುದ್ದೆ ಹೋಯಿತು ಅನ್ನುವುದೂ ಕಾಣುತ್ತಿತ್ತು. ಅವ್ವ ಒಲೆ ಕೆಲಸ ಮುಗಿಸಿ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತಬೇಕು. ನಾನು ಹಿತ್ತಲ ಬಾಗಿಲ ಬಳಿ ಗೋಣಿತಾಟಿನ ಮೇಲೆ. ನನಗೆ ಬೇರೆ ಗೋಣಿತಾಟು, ಬೇರೆ ತಟ್ಟೆ, ಬೇರೆ ಜಾಗ. ಏಕೆಂದರೆ ನನಗೆ ಉಚ್ಚೆ ನಿಲ್ಲುತ್ತಿರಲಿಲ್ಲ. ಬಂದದ್ದು ಗೊತ್ತೇ ಆಗುತ್ತಿರಲಿಲ್ಲ. ಲಂಗ ಒದ್ದೆಯಾದ ಮೇಲೆ ವಾಸನೆಯಿಂದ ನನಗೂ ಗೊತ್ತಾಗುತ್ತಿತ್ತು, ಊರಿಗೂ ಗೊತ್ತಾಗುತ್ತಿತ್ತು.

ನಾನು ಹುಟ್ಟಿದಾಗಲೇ ಸೊಂಟದ ಕೆಳಗೆ, ಬೆನ್ನು ಮುಗಿಯುವ ಜಾಗದಲ್ಲಿ, ನಿಂಬೆಹಣ್ಣಿನ ಹೋಳನ್ನು ಬೋರಲು ಹಾಕಿದಂತೆ ಒಂದು ಮೆತ್ತನೆಯ ಗಂಟಿತ್ತು. ಅದರ ಮೇಲೆ ಒಂದು ಹಿಡಿ ಕೂದಲು. ಎಡಗಾಲು ಸಣ್ಣದು, ಪಾದ ಒಳಕ್ಕೆ ತಿರುಗಿತ್ತು. ಹೆರಿಗೆಯ ಸೂತಕ ಕಳೆಯುವ ಮೊದಲೇ ಅಜ್ಜಿ ಕಬ್ಬಿಣದ ಬಳೆ ಕಾಯಿಸಿ ಆ ಗಂಟಿನ ಮೇಲೆ ಬರೆ ಎಳೆದಳಂತೆ. ಕೂಸು ಅಳಲಿಲ್ಲವಂತೆ. ಬರೆ ಹಾಕಿದರೂ ಅಳದ ಕೂಸನ್ನು ಎತ್ತಿ ಹಿಡಿದು ಅಜ್ಜಿ ತೀರ್ಪು ಕೊಟ್ಟಳಂತೆ:

"ನೋಡ್ರೇ, ಬೆಂಕಿ ಇಟ್ರೂ ಕಿಟಾರ್ ಅಂತ ಅನ್ನಲಿಲ್ಲ. ಇದು ಗ್ರಾಣ ಹಿಡಿದ ಕೂಸು. ಇವ್ಳವ್ವ ಮಾಡಿದ್ದು."

ಅವ್ವ ಮಾಡಿದ್ದಾದರೂ ಏನು? ನಾನು ಹೊಟ್ಟೆಯಲ್ಲಿದ್ದಾಗ, ಸೀಮಂತ ಮುಗಿದು ಹಸಿರು ಬಳೆ ತೊಟ್ಟು ತಿರುಗುತ್ತಿದ್ದ ಕಾಲದಲ್ಲಿ, ಒಂದು ಸೂರ್ಯಗ್ರಹಣ ಬಂತು. ಗ್ರಹಣ ಹಿಡಿದಾಗ ನಮ್ಮ ಬೀದಿಯಲ್ಲಿ ಒಂದು ಮಗ್ಗವೂ ಆಡುವುದಿಲ್ಲ. ಹಾಸಿನ ಮೇಲೆ ಬಟ್ಟೆ ಹೊದಿಸಿ ದರ್ಭೆ ಇಡುತ್ತಾರೆ. ಯಾರೂ ಎಳೆ ಕತ್ತರಿಸುವಂತಿಲ್ಲ, ಗಂಟು ಹಾಕುವಂತಿಲ್ಲ. ಬಸುರಿಯರಂತೂ ಕತ್ತಲೆ ಕೋಣೆಯಲ್ಲಿ ಕೈಕಾಲು ಆಡಿಸದೆ ಮಲಗಬೇಕು. ಅವ್ವ ಹಾಗೇ ಮಲಗಿದ್ದಳು. ಸೀರೆಯ ಸೆರಗಿನಲ್ಲಿ ಒಂದು ಎಳೆ ಕಿತ್ತು ಬಂದು ಬೆರಳಿಗೆ ಸಿಕ್ಕಿತು. ಮಗ್ಗದ ಮನೆಯ ಹೆಂಗಸಿಗೆ ಎಳೆ ಸಿಕ್ಕರೆ ಅದು ತಾನಾಗಿ ಹಲ್ಲಿಗೆ ಹೋಗುತ್ತದೆ. ದಿನವೆಲ್ಲ ರಾಟೆಯ ಮುಂದೆ ಕೂತು ಎಳೆಯ ತುದಿಯನ್ನು ಹಲ್ಲಲ್ಲಿ ಕಡಿದು ಕಡಿದು ಬಂದ ಅಭ್ಯಾಸ. ಅವ್ವ ಕಡಿದಳು. ಬಾಗಿಲ ಸಂದಿಯಲ್ಲಿ ಅಜ್ಜಿ ನೋಡಿದಳು. ಅಷ್ಟೇ. ಆ ಒಂದು ಎಳೆಯಿಂದ ಅಜ್ಜಿ ಅವ್ವನ ಕುತ್ತಿಗೆಗೆ ಹಗ್ಗ ಹೊಸೆದಳು.

ಅವತ್ತಿನಿಂದ ಅವ್ವ ಎಳೆಯನ್ನು ಹಲ್ಲಲ್ಲಿ ಕಡಿದವಳಲ್ಲ. ಸೊಂಟಕ್ಕೆ ಒಂದು ಪುಟ್ಟ ಕತ್ತರಿ ಕಟ್ಟಿಕೊಂಡಿದ್ದಳು. ಬೀದಿಯ ಹೆಂಗಸರೆಲ್ಲ ಜಗಲಿಯಲ್ಲಿ ಸಾಲಾಗಿ ಕೂತು ಹರಟುತ್ತ ಎಳೆ ಕಡಿದು ಉಗುಳುತ್ತಿದ್ದರೆ, ಇವಳೊಬ್ಬಳು ತಲೆ ಬಗ್ಗಿಸಿ ಕತ್ತರಿ ಹುಡುಕುತ್ತಿದ್ದಳು. ಆ ಕತ್ತರಿಯ ಸದ್ದು ಕೇಳಿದಾಗಲೆಲ್ಲ ಅಜ್ಜಿ ಚಾಪೆಯ ಮೇಲಿಂದ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಯಾರ ಮನೆಯ ಸೀಮಂತಕ್ಕೂ ಅವ್ವನನ್ನು ಕರೆಯುತ್ತಿರಲಿಲ್ಲ. ಹೊಸ ಹಾಸು ಹೂಡುವ ದಿನ ಅವಳು ಮಗ್ಗದ ಹತ್ತಿರ ಸುಳಿಯುವಂತಿರಲಿಲ್ಲ. ಎಲ್ಲರದೂ ಊಟವಾದ ಮೇಲೆ, ಹೊಸಿಲ ಆಚೆ ಕೂತು, ತಳ ಹಿಡಿದ ಸಾರಿನಲ್ಲಿ ತಣ್ಣನೆ ಮುದ್ದೆ ನುಂಗುತ್ತಿದ್ದಳು. ನನ್ನ ಹಿಂದೆ ಅವಳಿಗೆ ಮಕ್ಕಳಾಗಲಿಲ್ಲ, ಅದೂ ಆ ಎಳೆಯ ಲೆಕ್ಕಕ್ಕೇ ಹೋಯಿತು.

ಇದೆಲ್ಲಕ್ಕಿಂತ ನನಗೆ ಮರೆಯಲಾಗದ್ದು ಇನ್ನೊಂದಿದೆ. ಗ್ರಹಣ ಹತ್ತಿರ ಬಂತೆಂದರೆ ಅಜ್ಜಿ ಬೀದಿಯ ಬಸುರಿ ಹೆಣ್ಣುಮಕ್ಕಳನ್ನೆಲ್ಲ ಮನೆಗೆ ಕರೆಸುತ್ತಿದ್ದಳು. ನನ್ನನ್ನು ಗೋಣಿತಾಟಿನಿಂದ ಎಳೆದು ತಂದು, ನಡುಮನೆಯಲ್ಲಿ ಗಾಜಿನ ಬೆಳಕಿನ ಕೆಳಗೆ ನಿಲ್ಲಿಸಿ, ಹಿಂದಿನಿಂದ ಲಂಗ ಎತ್ತಿ ತೋರಿಸುತ್ತಿದ್ದಳು.

"ನೋಡ್ಕಳ್ರಮ್ಮ, ಚೆನ್ನಾಗಿ ನೋಡ್ಕಳಿ. ನಮ್ಮ ಸೊಸೆ ಗೌರಮ್ಮ ಮೈಮರೆತಂಗೆ ನೀವೂ ಮರೆತ್ರೆ ಇಂಥದ್ದೇ ಹುಟ್ಟೋದು. ಮುಟ್ಟಿ ನೋಡು ಬಾರೇ, ಏನೂ ಆಗಲ್ಲ, ಅದಕ್ಕೆ ಗೊತ್ತಾಗಲ್ಲ."

ಅವರು ಮುಟ್ಟುತ್ತಿದ್ದರು. ಗಂಟಿನ ಮೇಲೆ ಕೈಯಿಟ್ಟರೆ ನನಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಖ ನನ್ನದೇ ಅಲ್ಲವೇ, ಅದಕ್ಕೆ ಎಲ್ಲ ಗೊತ್ತಾಗುತ್ತಿತ್ತು. ಅಪ್ಪ ಆ ಹೊತ್ತಿನಲ್ಲಿ ಮಗ್ಗದ ಗುಂಡಿಯಲ್ಲಿ ಕೂತು, ಹರಿಯದೇ ಇದ್ದ ಎಳೆಯನ್ನು ಹರಿದಿದೆಯೆಂದು ಹುಡುಕುವವನಂತೆ ತಲೆ ಬಗ್ಗಿಸಿರುತ್ತಿದ್ದ. ಅವ್ವ ಅಡುಗೆಮನೆಯಲ್ಲಿ ಏನೂ ಬೇಯದ ಒಲೆಯನ್ನು ಊದುತ್ತಿದ್ದಳು. ಆ ಬಸುರಿಯರೆಲ್ಲರ ಮುಖಗಳೂ ನನಗೆ ನೆನಪಿವೆ. ಕೆಲವರು ಅಯ್ಯೋ ಪಾಪ ಎನ್ನುತ್ತಿದ್ದರು, ಅವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟು.

ರಾತ್ರಿ ಮಲಗುವ ಮುಂಚೆ ಅವ್ವ ನನ್ನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುತ್ತ ಒಂದೇ ಮಾತು ಹೇಳುತ್ತಿದ್ದಳು, "ನಂದೇ ತಪ್ಪು ಕಣೇ ಪುಟ್ಟಿ, ನನ್ನ ಹಲ್ಲು ಉದುರಿ ಹೋಗ್ಬಾರ್ದಿತ್ತಾ." ಅಜ್ಜಿ ಬೈದರೆ ನನಗೆ ಸಿಟ್ಟು ಬರುತ್ತಿತ್ತು, ಅವ್ವ ಈ ಮಾತು ಆಡಿದಾಗ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಅವಳು ಸುಮ್ಮನಿದ್ದದ್ದು ಅಜ್ಜಿಗೆ ಹೆದರಿ ಅಲ್ಲ. ಅಜ್ಜಿ ಹೇಳಿದ್ದನ್ನು ನಂಬಿದ್ದಳು. ನನಗೆ ನನ್ನ ಕಾಲು ನೆಟ್ಟಗಾಗಬೇಕು ಎಂದು ಅಷ್ಟಾಗಿ ಅನ್ನಿಸುತ್ತಿರಲಿಲ್ಲ, ಅವ್ವನ ಬಾಯಿಂದ ಆ ಮಾತು ನಿಲ್ಲಬೇಕು ಅನ್ನಿಸುತ್ತಿತ್ತು.

ನನಗೆ ಒಂಬತ್ತೋ ಹತ್ತೋ ಇದ್ದ ವರ್ಷ, ಯುದ್ಧದಿಂದ ನೂಲು ಸಿಗದೆ ಮಗ್ಗ ನಿಂತು ನಿಂತು ಆಡುತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಕೈ ಖಾಲಿ, ಬಾಯಿಗೆ ಕೆಲಸ ಹೆಚ್ಚು. ಅವರೆಕಾಯಿ ಕಾಲ. ಹಿತ್ತಲ ಬಚ್ಚಲ ಒಲೆಯ ಮುಂದೆ ಕೂತು ನಾನು ಅವರೆಕಾಳು ಹಿದುಕುತ್ತಿದ್ದೆ. ಚಳಿಗೆ ಕಾಲು ಚಾಚಿದ್ದು ಒಲೆಯ ಬಾಯಿಗೆ ಹೋಗಿದೆ. ನನಗೆ ತಿಳಿಯಲಿಲ್ಲ. ಪಕ್ಕದ ಮನೆಯ ಜೈನಬೀ, ರೇಷ್ಮೆಗೆ ಬಣ್ಣ ಹಾಕುವವರ ಮನೆಯಾಕೆ, ಬೇಲಿಯ ಆಚೆಯಿಂದ ವಾಸನೆ ಹಿಡಿದು ಓಡಿ ಬಂದಳು.

"ಯಾ ಅಲ್ಲಾ! ಗೌರಮ್ಮಾ, ಬಾರಮ್ಮ ಬೇಗ! ಬಚ್ಚಿ ಕಾಲು ಸುಡ್ತಾ ಐತೆ, ಇವ್ಳು ನೋಡಿದ್ರೆ ಕಾಳು ಹಿದುಕ್ತಾ ಕುಂತವ್ಳೆ!"

ಹಿಮ್ಮಡಿಯ ಪಕ್ಕ ಬೆಂದು ಹೋಗಿತ್ತು. ಅಜ್ಜಿ ಅದಕ್ಕೆ ಬೂದಿ ಮೆತ್ತಿದಳು, ಆಮೇಲೆ ಸೊಪ್ಪು ಅರೆದು ಕಟ್ಟಿದಳು. ಗಾಯ ಮಾಯಲಿಲ್ಲ. ಕೀವಾಯಿತು, ವಾಸನೆ ಹೊಡೆಯಿತು. ಆಗ ಜೈನಬೀ ನೇರವಾಗಿ ಮಗ್ಗದ ಮುಂದೆ ಬಂದು ನಿಂತು ಅಪ್ಪನಿಗೆ, "ಅಣ್ಣಾ, ಕಾಲು ಕತ್ತರಿಸೋ ಹಂಗಾಗೋ ತನಕ ಇಟ್ಕೊಂತೀರಾ? ಬೆಂಗ್ಳೂರ್ಗೆ ಕರ್ಕೊಂಡೋಗಿ, ಅಲ್ಲಿ ಡಾಕ್ಟ್ರಮ್ಮ ಅವ್ರೆ," ಎಂದಳು. ಅಪ್ಪ ಯಾವತ್ತೂ ಅಜ್ಜಿಯ ಮಾತು ಮೀರಿದವನಲ್ಲ, ಪಕ್ಕದ ಮನೆಯವರ ಮುಂದೆ ನಾಚಿಕೆಗೆ ಹೊರಟ. ರೈಲಿನಲ್ಲಿ ನನ್ನನ್ನು ಗೋಣಿತಾಟಿನ ಸಮೇತ ತೊಡೆಯ ಮೇಲೆ ಕೂರಿಸಿಕೊಂಡಿದ್ದ. ಅಪ್ಪನ ತೊಡೆಯ ಮೇಲೆ ನಾನು ಕೂತ ನೆನಪು ಅದೊಂದೇ.

ದೊಡ್ಡಾಸ್ಪತ್ರೆಯ ಆ ಡಾಕ್ಟ್ರಮ್ಮ ನನ್ನ ಕಾಲಿಗೆ ಮದ್ದು ಹಾಕಿ ಸುಮ್ಮನೆ ಕಳಿಸಲಿಲ್ಲ. ಬೋರಲು ಮಲಗಿಸಿ ಬೆನ್ನು ನೋಡಿದರು. ಸೂಜಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿ, ಗೊತ್ತಾಗುತ್ತಾ, ಗೊತ್ತಾಗುತ್ತಾ ಎಂದು ಕೇಳಿದರು. ಮೂಳೆಯ ಫೋಟೋ ತೆಗೆಸಿದರು. ಗಂಟಿನ ಮೇಲಿದ್ದ ಹಳೆಯ ಬರೆಯ ಗುರುತನ್ನು ಬೆರಳಲ್ಲಿ ಸವರಿ, "ಇದು ಯಾರು ಮಾಡಿದ್ದು?" ಎಂದಾಗ ಅಪ್ಪ ಕಿಟಕಿಯ ಕಡೆ ನೋಡಿದ. ಆಮೇಲೆ ಅವರು ಫೋಟೋವನ್ನು ಬೆಳಕಿಗೆ ಹಿಡಿದು ಅಪ್ಪನಿಗಲ್ಲ, ನನಗೆ ವಿವರಿಸಿದರು. ದೊಡ್ಡವರು ಯಾರೂ ಅಲ್ಲಿಯವರೆಗೆ ನನ್ನ ಮೈಯ ವಿಷಯವನ್ನು ನನಗೆ ಹೇಳಿರಲಿಲ್ಲ, ನನ್ನನ್ನು ತೋರಿಸಿ ಬೇರೆಯವರಿಗೆ ಹೇಳಿದ್ದರು.

"ನೋಡು ಮರಿ, ಬೆನ್ನುಮೂಳೆ ಅಂದರೆ ಮಣಿ ಪೋಣಿಸಿದ ಹಾಗೆ. ಒಂದೊಂದು ಮಣಿಗೂ ಹಿಂದೆ ಬಾಗಿಲಿನ ಹಾಗೆ ಎರಡು ರೆಕ್ಕೆ ಇರುತ್ತವೆ, ಅವೆರಡೂ ಸೇರಿ ಮುಚ್ಚಿಕೊಳ್ಳಬೇಕು. ನಿನ್ನ ಕೆಳಗಿನ ಮಣಿಗಳಲ್ಲಿ ಮುಚ್ಚಿಕೊಂಡಿಲ್ಲ. ಒಳಗೆ ನರದ ಹುರಿ ಇದೆಯಲ್ಲ, ಅದು ಆ ಸಂದಿಯಲ್ಲಿ ಅಂಟಿಕೊಂಡಿದೆ. ಅದಕ್ಕೇ ಕಾಲಿಗೆ ಬಿಸಿ ಗೊತ್ತಾಗಲ್ಲ, ಉಚ್ಚೆ ಬಂದದ್ದು ಗೊತ್ತಾಗಲ್ಲ. ನಿನ್ನ ತಪ್ಪೇನೂ ಇಲ್ಲ."

ಮಗ್ಗದ ಮನೆಯ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳಲು ಸಾಧ್ಯವಿರಲಿಲ್ಲ. ಹುರಿ ಸಿಕ್ಕಿಕೊಂಡರೆ ಮುಂದಿನ ಕೆಲಸ ಕೆಡುತ್ತದೆ, ಅದನ್ನು ನಾನು ದಿನಾ ನೋಡುತ್ತಿದ್ದೆ. ನನ್ನಲ್ಲಿ ದೆವ್ವವಿರಲಿಲ್ಲ, ಗ್ರಹಣವಿರಲಿಲ್ಲ, ಒಂದು ಹುರಿ ಸಿಕ್ಕಿಕೊಂಡಿತ್ತು. ಅಪ್ಪ ಮಾತ್ರ ಕೈಮುಗಿದು ಮೆಲ್ಲಗೆ ಕೇಳಿದ:

"ಇವ್ಳು ಏಳು ತಿಂಗಳ ಬಸ್ರೀಲಿದ್ದಾಗ ಇವರವ್ವ ಗ್ರಹಣದಲ್ಲಿ ಎಳೆ ಕಡಿದ್ಲು ತಾಯಿ. ಅದ್ರಿಂದ್ಲೇ ಅಂತ ಮನೇಲಿ…"

ಡಾಕ್ಟ್ರಮ್ಮ ಅವನನ್ನು ಮುಗಿಸಲು ಬಿಡಲಿಲ್ಲ.

"ಏಳನೇ ತಿಂಗಳಿಗೆ ಕೂಸಿನ ಬೆನ್ನು ಎಂದೋ ಆಗಿ ಮುಗಿದಿರುತ್ತೆ ಕಣ್ರೀ. ಇದು ಆಗೋದು ಮೊದಲನೇ ತಿಂಗಳಲ್ಲಿ. ತಾನು ಬಸುರಿ ಅಂತ ತಾಯಿಗೇ ಸರಿಯಾಗಿ ಗೊತ್ತಾಗಿರಲ್ಲ, ಅಷ್ಟರಲ್ಲಿ. ಗ್ರಹಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಕೆಲವು ಮನೆಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರುತ್ತೆ. ಎಲ್ಲರಿಗೂ ಇಷ್ಟು ಜೋರಾಗಿರಲ್ಲ. ಕೆಲವರಿಗೆ ಬೆನ್ನ ಕೆಳಗೆ ಒಂದು ಹಿಡಿ ಕೂದಲು, ಒಂದು ಕುಳಿ, ಅಷ್ಟೇ. ನಿಮ್ಮ ಕಡೆ ಯಾರಿಗಾದ್ರೂ ಇದೆಯಾ?"

"ಇಲ್ಲ ತಾಯಿ," ಎಂದ ಅಪ್ಪ.

ಗಂಟನ್ನು ಬಿಚ್ಚುವ ಧೈರ್ಯ ಆಗ ಯಾರಿಗೂ ಇರಲಿಲ್ಲ. ಕಾಲನ್ನು ದಿನಾ ನೋಡಿಕೊ, ಬೆಂಕಿಯಿಂದ ದೂರವಿರು, ಹೊತ್ತು ಹೊತ್ತಿಗೆ ಹೋಗಿ ಉಚ್ಚೆ ಹೊಯ್ದು ಬಾ, ಬರಲಿ ಬಿಡಲಿ ಕೂತು ಬಾ ಎಂದು ಹೇಳಿ ಕಳಿಸಿದರು. ಅದನ್ನು ನಾನು ಈ ಹೊತ್ತಿನವರೆಗೂ ಪಾಲಿಸಿದ್ದೇನೆ. ವಾಪಸು ರೈಲಿನಲ್ಲಿ ನಾನು ಮನಸ್ಸಿನಲ್ಲೇ ಕುಣಿಯುತ್ತಿದ್ದೆ. ಮನೆಗೆ ಹೋದ ತಕ್ಷಣ ಅಪ್ಪ ಅಜ್ಜಿಗೆ ಇದನ್ನೆಲ್ಲ ಹೇಳುತ್ತಾನೆ, ಅವ್ವ ಕತ್ತರಿ ಬಿಸಾಕುತ್ತಾಳೆ ಎಂದುಕೊಂಡಿದ್ದೆ. ಯಲಹಂಕ ದಾಟುವಾಗ ಅಪ್ಪ ಹೇಳಿದ:

"ಪುಟ್ಟಿ, ಅಜ್ಜಿ ಮುಂದೆ ಇದೆಲ್ಲ ಬೇಡ. ವಯಸ್ಸಾದೋಳು. ಮನೇಲಿ ಸುಮ್ನೆ ರಂಪ ಆಯ್ತದೆ."

ರಂಪ! ಒಬ್ಬಳ ಬದುಕು ಹೊಸಿಲ ಆಚೆ ಕೂತು ತಣ್ಣನೆ ಮುದ್ದೆ ನುಂಗುತ್ತಿದೆ, ಇವನಿಗೆ ರಂಪದ ಯೋಚನೆ. ಅಜ್ಜಿಯ ಮೇಲಿನ ಸಿಟ್ಟಾದರೂ ಉರಿಯುವಂಥದ್ದು. ಅಪ್ಪನ ಮೇಲಿನದು ಉರಿಯಲಿಲ್ಲ, ಹೊಗೆಯಾಡಿತು, ಅದು ಇನ್ನೂ ಕೆಟ್ಟದ್ದು. ನಾನು ಅವ್ವನಿಗೆ ಗುಟ್ಟಾಗಿ ಹೇಳಿದೆ. ಮೊದಲನೇ ತಿಂಗಳಲ್ಲೇ ಆಗಿದ್ದಂತೆ ಕಣವ್ವ, ನೀನು ಎಳೆ ಕಡಿಯೋ ಹೊತ್ತಿಗೆ ನನ್ನ ಬೆನ್ನು ಹಿಂಗೇ ಇತ್ತಂತೆ ಎಂದೆ. ಅವ್ವ ನನ್ನ ಕೆನ್ನೆ ಸವರಿ ನಕ್ಕಳು.

"ಡಾಕ್ಟ್ರಮ್ಮಂದು ದೊಡ್ಡ ಮನಸು. ನೀನು ನೊಂದ್ಕೋಬಾರ್ದು ಅಂತ ಹೇಳವ್ರೆ. ಕಡಿದೋಳು ನಾನಲ್ವೇನೇ, ನಂಗೊತ್ತಿಲ್ವಾ?"

ಫೋಟೋ ತೆಗೆದ ಯಂತ್ರಕ್ಕಿಂತ ಬಾಗಿಲ ಸಂದಿಯಲ್ಲಿ ಇಣುಕಿದ ಅಜ್ಜಿಯ ಕಣ್ಣೇ ಅವಳಿಗೆ ದೊಡ್ಡದು. ಅಷ್ಟರಲ್ಲಿ ಅಜ್ಜಿ ಇನ್ನೊಂದು ಹೂಡಿದ್ದಳು. ಮಗ್ಗಕ್ಕೆ ಗಂಡು ಬೇಕು, ಇವಳ ಹೊಟ್ಟೆ ಗ್ರಹಣದ ಹೊಟ್ಟೆ, ತೂಬಗೆರೆ ಕಡೆ ಒಂದು ಹೆಣ್ಣಿದೆ, ಮಗನಿಗೆ ಎರಡನೇ ಮದುವೆ ಮಾಡಿ ಇವಳನ್ನು ತೌರಿಗೆ ಅಟ್ಟುವುದು. ಮನೆದೇವರ ಪಟಕ್ಕೆ ಎರಡು ಪಕ್ಕದಲ್ಲೂ ಹೂ ಅಂಟಿಸಿ ಪ್ರಸಾದ ಕೇಳಿದ್ದಳು, ಬಲಗಡೆಯ ಹೂ ಬಿದ್ದಿತ್ತು. ದೇವರು ಒಪ್ಪಿದ್ದಾನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಯುಗಾದಿ ಕಳೆದ ಮೇಲೆ ಹೆಣ್ಣಿನ ಕಡೆಯವರು ಮಾತಿಗೆ ಬರುವುದೆಂದಾಯಿತು. ಅಪ್ಪ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಲಾಳಿ ಎಸೆಯುತ್ತಿದ್ದ. ಅವ್ವ ತನ್ನ ಎರಡು ಸೀರೆಗಳನ್ನು ಒಗೆದು ಮಡಿಸಿ ಗಂಟು ಕಟ್ಟಿ ಅಟ್ಟದ ಮೇಲಿಟ್ಟಳು. ನನ್ನನ್ನು ಜೊತೆಗೆ ಕಳಿಸುತ್ತಾರಾ ಇಲ್ಲವಾ ಎಂದು ಕೇಳುವ ಧೈರ್ಯವೂ ಅವಳಿಗಿರಲಿಲ್ಲ.

ಯುಗಾದಿಯ ಬೆಳಗ್ಗೆ ಎಣ್ಣೆಸ್ನಾನ. ನಮ್ಮಲ್ಲಿ ಹೆಂಗಸರು ಒಬ್ಬರ ಬೆನ್ನು ಒಬ್ಬರು ತಿಕ್ಕುವುದು ರೂಢಿ. ಅತ್ತೆಯ ಬೆನ್ನನ್ನು ಸೊಸೆ ತಿಕ್ಕಬೇಕು, ಸೊಸೆಯ ಬೆನ್ನನ್ನು ನಾದಿನಿ. ನಮ್ಮಜ್ಜಿ ಮಾತ್ರ ಯಾರನ್ನೂ ಹತ್ತಿರ ಬಿಟ್ಟವಳಲ್ಲ. ಮಡಿ ಎನ್ನುತ್ತಿದ್ದಳು. ಸೀರೆಯುಟ್ಟೇ ಬಚ್ಚಲಿಗಿಳಿದು, ಸೀರೆಯ ಮೇಲೇ ನೀರು ಹುಯ್ದುಕೊಂಡು ಬರುತ್ತಿದ್ದಳು. ಅದನ್ನು ಬೀದಿಯ ಹೆಂಗಸರು ದೊಡ್ಡ ಆಚಾರವೆಂದು ಹೊಗಳುತ್ತಿದ್ದರು. ಆ ದಿನ ಹಂಡೆಗೆ ಉರಿ ಹಾಕಲು ನಾನು ಬಚ್ಚಲ ಹೊರಗೆ ಕೂತಿದ್ದೆ, ಡಾಕ್ಟ್ರಮ್ಮ ಹೇಳಿದಂತೆ ಕಾಲನ್ನು ಒಲೆಯಿಂದ ದೂರವಿಟ್ಟು. ಒಳಗೆ ದಡಾರನೆ ಸದ್ದಾಯಿತು. ಸೀಗೆಪುಡಿಯ ಮೇಲೆ ಕಾಲಿಟ್ಟು ಅಜ್ಜಿ ಬೋರಲು ಬಿದ್ದಿದ್ದಳು. ನಾನು ಕುಂಟುತ್ತ ಒಳಗೆ ಹೋದೆ. ಒದ್ದೆ ಸೀರೆ ಸೊಂಟದಿಂದ ಜಾರಿ ಅವಳ ಬೆನ್ನು ಪೂರ್ತಿ ಬೆತ್ತಲಾಗಿತ್ತು.

ಬೆನ್ನು ಮುಗಿಯುವ ಜಾಗದಲ್ಲಿ, ನನಗಿರುವ ಕಡೆಯೇ, ಒಂದು ಹಿಡಿ ಕೂದಲು. ನರೆತದ್ದು. ಅದರ ನಡುವೆ ಬೆರಳು ತೂರುವಂಥ ಒಂದು ಕುಳಿ.

ನಾನು ಕೂಗಲಿಲ್ಲ. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದೆ, ಬಸುರಿಯರಿಗೆಲ್ಲ ಅವಳು ಹೇಳುತ್ತಿದ್ದಂತೆ ಚೆನ್ನಾಗಿ ನೋಡಿಕೊಂಡೆ. ಆಮೇಲೆ ಬೆರಳಿಟ್ಟು ಮುಟ್ಟಿದೆ. ಅವಳಿಗೆ ಗೊತ್ತಾಯಿತು. ಬೆಂಕಿ ಮುಟ್ಟಿದವಳಂತೆ ಹೊರಳಿ ಸೀರೆ ಎಳೆದುಕೊಂಡಳು. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವವರು ಎಂಬ ಮಾತಿದೆಯಲ್ಲ, ಆ ಮಾತಿಗೆ ಕೈಕಾಲು ಬಂದು ಬಚ್ಚಲಲ್ಲಿ ಬಿದ್ದುಕೊಂಡಿತ್ತು.

"ಅಜ್ಜಿ, ನಿಮ್ಮವ್ವ ಯಾವ ಗ್ರಹಣದಲ್ಲಿ ಎಳೆ ಕಡಿದಿದ್ಲು?"

"ಬಾಯ್ಮುಚ್ಚೇ ಮುಂಡೇದೆ. ನನ್ ಕಾಲು ನೆಟ್ಟಗೈತೆ. ನಿನ್ನಂಗೆ ನಾನೇನು ಉಚ್ಚೆ ಹೊಯ್ಕಂಡು ಕುಂತಿಲ್ಲ."

"ಡಾಕ್ಟ್ರಮ್ಮ ಹೇಳವ್ರೆ, ಕೆಲವರಿಗೆ ಕೂದಲು ಮಾತ್ರ ಇರ್ತದಂತೆ. ಒಂದೇ ಮನೇಲಿ ಬತ್ತದಂತೆ. ಇದು ನಿಂದೇ ಅಜ್ಜಿ. ನಂಗೆ ಕೊಟ್ಟೋಳು ನೀನು."

ಅವಳು ಒದ್ದೆ ಸೀರೆಯನ್ನು ಸೊಂಟಕ್ಕೆ ಇನ್ನೂ ಬಿಗಿದು ಸುತ್ತಿಕೊಂಡಳು. ಅಜ್ಜಿಯ ಬಾಯಲ್ಲಿ ಬೈಗುಳ ಇಲ್ಲದ್ದನ್ನು ನಾನು ಮೊದಲ ಸಲ ನೋಡಿದೆ. ನನಗಾದ ಸಂತೋಷವನ್ನು ಹೇಗೆ ಹೇಳಲಿ? ಹೋಳಿಗೆ ತಿಂದಷ್ಟು ಸಂತೋಷ. ಜೀವ ತಣ್ಣಗಾಯಿತು. ನಾನು ಗೋಡೆಗೆ ಒರಗಿ ನಿಂತು, ತೂಬಗೆರೆಯವರು ವಾಪಸು ಹೋಗಬೇಕು, ಇಲ್ಲದಿದ್ದರೆ ಅವರು ಬಂದು ಕೂತ ದಿನ ನಡುಮನೆಯಲ್ಲಿ ನಿಂತು ಹೇಳುತ್ತೇನೆ ಎಂದೆ. ಮನೆತನದಲ್ಲಿ ಇಂಥದ್ದಿದೆ ಎಂದರೆ ಯಾರು ಹೆಣ್ಣು ಕೊಡುತ್ತಾರೆ ನೋಡೋಣ ಎಂದೆ. ಅವ್ವನದು ತಪ್ಪಿಲ್ಲ ಎಂದೂ ಎಲ್ಲರ ಮುಂದೆ ಹೇಳಬೇಕು ಎಂದೆ. ಅಜ್ಜಿ ನೆಲದಿಂದ ಎದ್ದು ಕೂತಳು. ಅವಳು ಹಳೆಯ ಹುಲಿ, ಬಿದ್ದರೂ ಉಗುರು ಬಿಟ್ಟವಳಲ್ಲ.

"ತೂಬಗೆರೆಯೋರ್ನ ಕಳಿಸ್ತೀನಿ. ನಿಮ್ಮವ್ವ ಇಲ್ಲೇ ಬಿದ್ದಿರ್ಲಿ. ಆದ್ರೆ ನೀನು ಇದನ್ನ ಯಾರ ಕಿವಿಗಾದ್ರೂ ಹಾಕಿದ್ಯೋ, ನಿಮ್ಮವ್ವನ ಕಿವಿಗೆ ಹಾಕಿದ್ರೂ ಅಷ್ಟೇ, ಅವತ್ತೇ ಅವಳ ಗಂಟು ಬೀದೀಲಿ ಇರ್ತದೆ. ನನ್ ಮಗ ನಾ ಹಾಕಿದ ಗೆರೆ ದಾಟಲ್ಲ, ನಿಂಗೇ ಗೊತ್ತಲ್ಲ."

ಗೊತ್ತಿತ್ತು. ಅದೇ ನನ್ನ ಗಂಟಲಿಗೆ ಸಿಕ್ಕಿದ ಮುಳ್ಳು. ಬಾಯಿ ಬಿಟ್ಟರೆ ಅವ್ವ ಮನೆ ಬಿಡಬೇಕು. ಬಾಯಿ ಮುಚ್ಚಿದರೆ ಅವ್ವ ಮನೆಯಲ್ಲಿರುತ್ತಾಳೆ, ಆದರೆ ಮಾಡದ ತಪ್ಪನ್ನು ಹೊತ್ತುಕೊಂಡೇ ಇರುತ್ತಾಳೆ. ನಾನು ಮೊದಲು ಅವ್ವನನ್ನು ಮನೆಯಲ್ಲಿ ಉಳಿಸಿಕೊಂಡೆ. ಉಳಿದದ್ದಕ್ಕೆ ಕಾಯುವುದೆಂದುಕೊಂಡೆ.

ತೂಬಗೆರೆಯವರು ಬಂದ ದಿನ ಅಜ್ಜಿ ಅವರೆದುರಿಗೇ ಮತ್ತೆ ಹೂ ಕೇಳಿದಳು. ಬಲಗಡೆಯ ಹೂವನ್ನು ಚೆನ್ನಾಗಿ ನೀರಲ್ಲಿ ಅದ್ದಿ ಒತ್ತಿ ಅಂಟಿಸಿದ್ದನ್ನೂ ಎಡಗಡೆಯದನ್ನು ಸುಮ್ಮನೆ ತಾಗಿಸಿದ್ದನ್ನೂ ನಾನು ಗೋಣಿತಾಟಿನ ಮೇಲಿಂದ ನೋಡಿದೆ. ಎಡಗಡೆಯದು ಪಟ್ಟನೆ ಬಿತ್ತು. "ದೇವರು ಒಲ್ಲೆ ಅಂದ್ಬಿಟ್ಟನಲ್ಲಪ್ಪ," ಎಂದು ಅಜ್ಜಿ ಕೈಚೆಲ್ಲಿದಳು. ಬಂದವರು ಪಾನಕ ಕುಡಿದು ಎದ್ದು ಹೋದರು. ಮೊದಲ ಸಲದ ಬಲಗಡೆಯ ಹೂವೂ ಹೀಗೇ ಬಿದ್ದದ್ದು ಎಂದು ನನಗೆ ಆಗ ಹೊಳೆಯಿತು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೆ ನಗು ತಡೆಯಲಾಗಲಿಲ್ಲ, ಹಿತ್ತಲಿಗೆ ಹೋಗಿ ನಕ್ಕೆ.

ಆಮೇಲಿನ ವರ್ಷಗಳಲ್ಲಿ ಅಜ್ಜಿ ನನ್ನ ಲಂಗ ಎತ್ತಲಿಲ್ಲ. ಗ್ರಹಣಗಳು ಬಂದವು, ಬಸುರಿಯರು ಬರಲಿಲ್ಲ. ನಾನು ಮಾತ್ರ ಅವಳನ್ನು ಬಿಡಲಿಲ್ಲ. ಎಣ್ಣೆಸ್ನಾನದ ದಿನ ಬಂದರೆ ಸಾಕು, ಎಲ್ಲರ ಮುಂದೆ ದೊಡ್ಡ ದನಿಯಲ್ಲಿ, "ಅಜ್ಜಿ, ಬೆನ್ನು ತಿಕ್ಲಾ?" ಎನ್ನುತ್ತಿದ್ದೆ. ಮೊಮ್ಮಗಳ ಪ್ರೀತಿ ನೋಡು ಎಂದು ಜನ ಮೆಚ್ಚುತ್ತಿದ್ದರು. ಅಜ್ಜಿ ಚೊಂಬು ಎತ್ತಿಕೊಂಡು ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡಿ ನಾನು ಒಂದು ಮುದ್ದೆ ಹೆಚ್ಚು ಉಣ್ಣುತ್ತಿದ್ದೆ. ಆದರೆ ಮಲಗುವ ಹೊತ್ತಿಗೆ ಅವ್ವನ ಕೈ ನನ್ನ ಬೆನ್ನಿನ ಮೇಲೆ, ಬಾಯಲ್ಲಿ ಅದೇ ಮಾತು, ನಂದೇ ತಪ್ಪು ಕಣೇ ಪುಟ್ಟಿ. ನಾಲಿಗೆಯ ತುದಿಗೆ ಬಂದದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಸೊಂಟದ ಕತ್ತರಿ ಸೊಂಟದಲ್ಲೇ ಇತ್ತು.

ಸ್ವಾತಂತ್ರ್ಯ ಬಂತೆಂದು ಊರಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮೆಂಟು ಹಂಚಿದ ಮಳೆಗಾಲ ಕಳೆದು ಚಳಿ ಶುರುವಾದಾಗ ಅಜ್ಜಿ ಮಲಗಿದಳು. ಅನ್ನ ಸೇರಲಿಲ್ಲ. ಹಾಲೂ ಗಂಟಲಲ್ಲಿ ಇಳಿಯದಾದ ಮೇಲೆ ಒಂದು ಮಧ್ಯಾಹ್ನ, ಅವ್ವ ನೀರಿಗೆ ಹೋಗಿದ್ದಾಗ, ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದಳು.

"ಪುಟ್ಟಿ, ನಾನು ಹೋದ್ಮೇಲೆ ನನ್ ಮೈ ನೀನೇ ತೊಳಿ. ಬೇರೆಯೋರ್ನ ಬಿಡ್ಬೇಡ. ನಿನ್ ಕಾಲಿಗೆ ಬೀಳ್ತೀನಿ."

"ಅವ್ವಂದು ತಪ್ಪಿಲ್ಲ ಅಂತ ಹೇಳು, ತೊಳೀತೀನಿ. ಈಗ್ಲೇ ಹೇಳು. ಅವ್ವ ಬರ್ಲಿ, ಅವಳ ಮುಂದೆ ಹೇಳು."

ಅಜ್ಜಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಸಾಯುವಾಗಲೂ ಆ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಅವ್ವ ಬಂದು ಹತ್ತಿಯಲ್ಲಿ ನೀರದ್ದಿ ಅವಳ ತುಟಿ ಒದ್ದೆ ಮಾಡಿದಳು. ಮಾರನೇ ದಿನ ಬೆಳಗ್ಗೆ ಅಜ್ಜಿ ಹೋದಳು.

ಬೀದಿಯ ಹೆಂಗಸರೆಲ್ಲ ಸೇರಿದರು. ನನ್ನ ಲಂಗದ ಹಿಂದೆ ನಿಂತು ನೋಡಿದವರೆಲ್ಲ ಇದ್ದರು, ಅವರ ಮಕ್ಕಳೀಗ ಸೊಂಟದ ಮೇಲಿಂದ ಇಳಿದು ಓಡಾಡುತ್ತಿದ್ದವು. ಹಿತ್ತಲಲ್ಲಿ ಸೀರೆ ಅಡ್ಡ ಹಿಡಿದು ಮೈ ತೊಳೆಯಲು ಕೂರಿಸಿದರು. ಒಬ್ಬಳು, "ಆಚಾರದ ಜೀವ, ಮೇಲಿಂದ್ಲೇ ನಾಕು ಚೊಂಬು ಹುಯ್ದ್ಬಿಡಿ ಸಾಕು," ಎಂದಳು. ನಾನು ಎಂದೆ:

"ಇಲ್ಲ ಅತ್ತೆ. ಇರೋವಾಗ ಒಂದಿನಾನೂ ಬೆನ್ನು ತಿಕ್ಕಿಸ್ಕೊಂಡೋಳಲ್ಲ. ಇವತ್ತಾದ್ರೂ ಸೊಸೆ ಕೈಲಿ ತಿಕ್ಕಿಸ್ಕೊಳ್ಳಲಿ. ಅವ್ವಾ, ಬಾ. ಎಲ್ರೂ ಬನ್ರಮ್ಮ, ಹತ್ರ ಬನ್ನಿ. ಚೆನ್ನಾಗಿ ನೋಡ್ಕಳಿ."

ಅವಳದೇ ಮಾತು, ಅವಳದೇ ದನಿ. ವರ್ಷಗಟ್ಟಲೆ ಮನಸ್ಸಿನಲ್ಲಿ ಹೇಳಿಕೊಂಡು ಸಿದ್ಧ ಮಾಡಿಕೊಂಡಿದ್ದೆ. ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬರತೊಡಗಿದರು. ಅವ್ವ ಎಲ್ಲರಿಗಿಂತ ಮೊದಲು ಅಜ್ಜಿಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ನಾನು ಒದ್ದೆ ಸೀರೆಯನ್ನು ಸೊಂಟದಿಂದ ಕೆಳಗೆ ಎಳೆದೆ.

ಅವ್ವನ ಕೈ ನಿಂತಿತು. ಅವಳು ಆ ಕೂದಲನ್ನು ನೋಡಿದಳು, ಕುಳಿಯನ್ನು ನೋಡಿದಳು. ನನ್ನ ಕಡೆ ತಿರುಗಿದಳು. ದಿನಾ ನನ್ನ ಬೆನ್ನಿಗೆ ಎಣ್ಣೆ ಸವರಿದವಳಿಗೆ ಅದೇನೆಂದು ಹೇಳಿಕೊಡಬೇಕಿರಲಿಲ್ಲ. ಅವಳ ಮುಖದಲ್ಲಿ ರಕ್ತ ಏರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಹಿಂದಿನಿಂದ ಹೆಂಗಸರು ಏನೇ ಅದು, ಏನೇ ಅದು ಎಂದು ಕತ್ತು ಚಾಚಿದರು. ಅವ್ವ ತಟ್ಟನೆ ತನ್ನ ಸೆರಗನ್ನು ಎಳೆದು ಅಜ್ಜಿಯ ಸೊಂಟದ ಮೇಲೆ ಹೊದಿಸಿದಳು.

"ಏನಿಲ್ಲ, ಹೋಗ್ರಮ್ಮ ಆ ಕಡೆ. ಸತ್ತೋರ ಮೈ ಏನ್ ನೋಡ್ತೀರ."

"ಅವ್ವಾ! ತೆಗಿ! ನೋಡ್ಲಿ ಅವ್ರು!" ನಾನು ಸೆರಗಿಗೆ ಕೈಹಾಕಿದೆ. ಅವ್ವ ನನ್ನ ಮಣಿಕಟ್ಟು ಹಿಡಿದಳು, ಅಷ್ಟು ಶಕ್ತಿ ಅವಳಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

"ಸಾಕು ಬಿಡೇ. ನಾನು ನೋಡಿದ್ನಲ್ಲ."

ಸೆರಗಿನ ಕೆಳಗೆ ಕೈಯಿಟ್ಟು ಅವಳೊಬ್ಬಳೇ ಆ ಬೆನ್ನನ್ನು ತೊಳೆದಳು. ಹೆಂಗಸರು, ಎಂಥ ಸೊಸೆ ಎಂದು ಕಣ್ಣೊರೆಸಿಕೊಂಡರು. ಯಾರಿಗೂ ಏನೂ ಕಾಣಲಿಲ್ಲ. ನಾನು ಸಿಟ್ಟಿನಿಂದ ಅತ್ತೆ, ಅದನ್ನು ಅವರು ಅಜ್ಜಿಯ ಮೇಲಿನ ಪ್ರೀತಿಗೆ ಸೇರಿಸಿದರು. ಆ ಸಂಜೆಯೇ ಅವ್ವ ನನ್ನಿಂದ ಭಾಷೆ ತೆಗೆದುಕೊಂಡದ್ದು. ನನಗೆ ಮೋಸವಾಯಿತು ಅನ್ನಿಸಿತ್ತು. ಇಷ್ಟು ವರ್ಷ ಕಾದು ಹರಿತ ಮಾಡಿಟ್ಟ ಕತ್ತಿಯನ್ನು ಅವ್ವನೇ ಒರೆಗೆ ತಳ್ಳಿಬಿಟ್ಟಳು ಎಂದು ಅವಳೊಡನೆ ಮಾತು ಬಿಟ್ಟೆ.

ತಿಥಿ ಮುಗಿದು ಸೂತಕ ಕಳೆದ ಮೇಲೆ ಮಗ್ಗ ಮತ್ತೆ ಶುರುವಾಯಿತು. ಅಪ್ಪ ಗುಂಡಿಗಿಳಿದ. ಅವ್ವ ರಾಟೆಯನ್ನು ನಡುಮನೆಗೆ ತಂದಳು, ಗಾಜಿನ ಬೆಳಕು ಬೀಳುವ ಜಾಗಕ್ಕೆ. ಎದುರಿನ ಮೂಲೆಯಲ್ಲಿ ಚಾಪೆಯಿರಲಿಲ್ಲ, ಅದರ ಗುರುತು ಮಾತ್ರ ನೆಲದ ಮೇಲೆ ಬೆಳ್ಳಗೆ ಉಳಿದಿತ್ತು. ಕಂಡಿಕೆ ತುಂಬಿತು. ಎಳೆ ಕತ್ತರಿಸಬೇಕು. ಅವ್ವನ ಕೈ ಅಭ್ಯಾಸಬಲದಿಂದ ಸೊಂಟಕ್ಕೆ ಹೋಯಿತು, ಕತ್ತರಿಯನ್ನು ಮುಟ್ಟಿತು, ಅಲ್ಲೇ ಬಿಟ್ಟಿತು. ಅವಳು ಎಳೆಯನ್ನು ಬಾಯಿಗೆ ತಂದು ಹಲ್ಲಲ್ಲಿ ಹಿಡಿದು ಕಟಕ್ಕನೆ ಕಡಿದಳು. ಅಪ್ಪನ ಲಾಳಿ ನಿಂತಿತು. ಅವ್ವ ಅವನನ್ನೇ ನೋಡುತ್ತ, ಬಾಯಲ್ಲಿ ಉಳಿದ ಎಳೆಯ ತುದಿಯನ್ನು ಆ ಮೂಲೆಯ ಬೆಳ್ಳನೆ ಗುರುತಿನ ಮೇಲೆ ಉಗುಳಿದಳು.